ಉಪದೇಶವೂ ಉಪಚಾರವೂ

ಬಹುಕಾಲ ಸಾಗರದ ಸೀಮೆಯಲ್ಲಿ ಸಂಸ್ಕೃತ ಪಾಠವನ್ನು ಹೇಳಿ ನಿವೃತ್ತನಾದ ನನಗೆ ಉಪದೇಶಮಾಡುವ ಅಭ್ಯಾಸವು ಇನ್ನೂ ಬಿಟ್ಟಿಲ್ಲ. ಅದೂ ಒಂದು ವ್ಯಸನವೇ ಎಂಬುದನ್ನು ನನಗೆ ತಿಳಿಸಿಕೊಟ್ಟವರು ನನ್ನ ಸೋದರಮಾವ.

ಮಾವನ ಮನೆಯು ಹೊಸನಗರದ ಕಡೆ, ಶರಾವತಿಯ ದಂಡೆಯಲ್ಲಿದ್ದಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ, ಅಡಕೆತೋಟ, ನಾಗರಕಟ್ಟೆ ಎಲ್ಲವೂ ಮುಳುಗಿದುವು. ಆಗ ಅವರಿಗೆ ಇಪ್ಪತ್ತು ವರ್ಷ. ಹೊಸ ಊರಿಗೆ ಬಂದ ಮೇಲೆ ಕುಡಿತಕ್ಕೆ ಬಿದ್ದರು.

ನಾನು ಹೋದಾಗಲೆಲ್ಲ ಭರ್ತೃಹರಿಯ ಶ್ಲೋಕಗಳನ್ನು ಹೇಳಿ ಅರ್ಥವನ್ನು ವಿವರಿಸುತ್ತಿದ್ದೆನು. ಮಾವ ತಲೆತಗ್ಗಿಸಿ ಕೇಳುವರು. ಸಂಜೆಗೆ ಮತ್ತೆ ಸೀಸೆ. ಒಮ್ಮೆ ನಮ್ಮ ತಂದೆಯವರ ಶ್ರಾದ್ಧದ ದಿನ, ವಾಸನೆ ಬರುತ್ತಿದೆಯೆಂದು, ಪಂಕ್ತಿಯಲ್ಲಿ ಕುಳಿತವರನ್ನು ಎಲೆಯ ಮುಂದಿನಿಂದ ಎಬ್ಬಿಸಿದೆನು. ಅವರು ಮರುಮಾತಾಡದೆ ಎದ್ದುಹೋದರು.

1992ರಲ್ಲಿ ಅತ್ತೆಯವರು ಅವರನ್ನು ಮಂಗಳೂರಿಗೆ ಕರೆದೊಯ್ದರು. ಅತ್ತೆ ತೀರ್ಥಹಳ್ಳಿಯವರು, ಧೈರ್ಯಸ್ಥೆ. ಆಗುಂಬೆಯ ಘಾಟಿಯನ್ನಿಳಿಯುವ ಬಸ್ಸಿನಲ್ಲಿ ನಾನೂ ಜೊತೆಗಿದ್ದೆನು. ಬಹುಕಾಲ ಕುಡಿದವನು ಹಠಾತ್ತಾಗಿ ಬಿಟ್ಟರೆ ನಡುಕ, ಸೆಳವು, ಚಿತ್ತಭ್ರಮೆಗಳುಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದೆಂದು ವೈದ್ಯರು ಹೇಳಿ, ಹತ್ತು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ನಾನು ಮನೆಯಲ್ಲಿ ಹೇಳುತ್ತಿದ್ದುದು, "ಇಂದೇ ಬಿಟ್ಟುಬಿಡಿ" ಎಂದು!

ಬಳಿಕ ಒಂದು ಸಂಜೆ, ಇಗರ್ಜಿಯ ಪಕ್ಕದ ಕೊಠಡಿಯಲ್ಲಿ ಸಭೆ. ಕುಡಿತ ಬಿಟ್ಟವರೂ ಬಿಡಲಾರದವರೂ ಸುತ್ತ ಕುಳಿತಿದ್ದರು. ಕ್ರೈಸ್ತ ಸೇವಕರಿಬ್ಬರು ಎಲ್ಲರಿಗೂ ಚಹಾ ಕೊಟ್ಟರು, ಜಾತಿಯನ್ನು ಕೇಳಲಿಲ್ಲ. ಮತವನ್ನು ಬದಲಿಸುವ ಉಪಾಯವೇನಾದರೂ ಇದ್ದೀತೆಂದು ನಾನು ಬಾಗಿಲಬಳಿ ಕಾದೇ ಕುಳಿತಿದ್ದೆನು. ಅಂಥದೇನೂ ನಡೆಯಲಿಲ್ಲ. ಮಾವನ ಸರದಿ ಬಂದಾಗ, "ನನ್ನ ಮನೆ ನೀರೊಳಗಿದೆ" ಎಂದು ಆರಂಭಿಸಿ ಬಹಳ ಹೊತ್ತು ಮಾತನಾಡಿದರು. ಇಪ್ಪತ್ತೆಂಟು ವರ್ಷ ನಮ್ಮಾರಿಗೂ ಹೇಳದ ಮಾತುಗಳವು. ಯಾರೂ ಬುದ್ಧಿವಾದ ಹೇಳಲಿಲ್ಲ.

ಈ ಪದ್ಧತಿಯು ಹುಟ್ಟಿದ್ದು ಅಮೆರಿಕದ ಆಕ್ರನ್ ಪಟ್ಟಣದಲ್ಲಿ, 1935ರಲ್ಲಿ. ಕುಡಿತದಿಂದ ಕೆಟ್ಟ ಒಬ್ಬ ಷೇರು ದಲ್ಲಾಳಿಯೂ ಒಬ್ಬ ಶಸ್ತ್ರವೈದ್ಯನೂ ಪರಸ್ಪರ ಕಷ್ಟವನ್ನು ಹೇಳಿಕೊಂಡು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವನ್ನು ಕಟ್ಟಿದರು. ಅದರ ಬೇರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದಲ್ಲಿದ್ದರೂ, ದೇವರನ್ನು ಅವರವರು ತಿಳಿದಂತೆ ನೆನೆಯಬಹುದೆಂಬುದು ಅಲ್ಲಿಯ ನಿಯಮ. ಮಾವ ಊರಿಗೆ ಮರಳಿ ಸಂಧ್ಯಾವಂದನೆಯನ್ನು ಎಂದಿನಂತೆ ಮಾಡುತ್ತಿದ್ದರು.

ಈಗ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯೂ ಧರ್ಮಸ್ಥಳದ ಯೋಜನೆಯವರು ಮದ್ಯವರ್ಜನ ಶಿಬಿರಗಳನ್ನು ನಡೆಸುವರು. ಮನಸ್ಸು ನೊಂದವರು 14416 ಎಂಬ ಟೆಲಿಮಾನಸ್ ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಗೃಹಸ್ಥರಾದ ವಾಚಕರು ಇವನ್ನು ನೆನಪಿನಲ್ಲಿಡಬೇಕೆಂದು ನನ್ನ ಪ್ರಾರ್ಥನೆ.

ಮಾವ ಎರಡು ಸಲ ಜಾರಿದರು, ಎರಡು ಸಲವೂ ಎದ್ದರು. ಮರುವರ್ಷದ ಶ್ರಾದ್ಧಕ್ಕೆ ನಾನೇ ಹೋಗಿ ಕರೆದೆನು. ಕ್ಷಮೆ ಬೇಡಲು ಮಾತು ಹೊರಡಲಿಲ್ಲ. ಅವರೇ, "ಮಾಣೀ, ನಿನ್ನ ಶ್ಲೋಕವೆಲ್ಲ ನನಗೂ ಬರುತ್ತಿತ್ತು" ಎಂದರು. ಅಂದು ಪಂಕ್ತಿಯಲ್ಲಿ ಮೊದಲ ಎಲೆ ಅವರದು. ಬಡಿಸುವಾಗ ನನ್ನ ಕೈ ನಡುಗುತ್ತಿದ್ದಿತು. ಅವರ ಕೈ ನಡುಗುತ್ತಿರಲಿಲ್ಲ.