ಹರಂಬೀ ಹಣ ಮತ್ತು ಅಪ್ಪನ ಮಾತ್ರೆ

ನೈರೋಬಿಯಲ್ಲಿ ಒಂದು ವರ್ಷ ಕಳೆದವರಿಗೆ ಹರಂಬೀ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಯಾರದೋ ಮನೆಯಲ್ಲಿ ಸಾವು, ಯಾರದೋ ಮಗುವಿನ ಫೀಸು, ಇನ್ಯಾರೋ ಇಂಡಿಯಾಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಬೇಕು. ತಕ್ಷಣ ಒಂದು ವಾಟ್ಸಾಪ್ ಗುಂಪು ಹುಟ್ಟುತ್ತದೆ, ಎಂ-ಪೆಸಾದಲ್ಲಿ ಐನೂರು, ಸಾವಿರ ಶಿಲ್ಲಿಂಗ್ ಬಂದು ಬೀಳುತ್ತದೆ. ನಾನೂ ಹಾಕುತ್ತೇನೆ. ಯಾರಿಗೆಂದು ಸರಿಯಾಗಿ ಕೇಳದೆ ಹಾಕಿದ್ದೂ ಇದೆ.

ಕಳೆದ ವರ್ಷ ನನ್ನ ಆಫೀಸಿನ ಗೆಳತಿ ಹಣ ಕೇಳಲಿಲ್ಲ, ಅಭಿಪ್ರಾಯ ಕೇಳಿದಳು. ನ್ಯೇರಿ ಕಡೆಯ ಹಳ್ಳಿಯಲ್ಲಿರುವ ಅವಳ ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. "ನೀನು ಬೆಂಗಳೂರು ಕಡೆಯವಳು, ನಿನ್ನ ಅಪ್ಪನಿಗೂ ಇದೇ ಇದೆ. ಇದನ್ನು ನೋಡಿ ಹೇಳು" ಅಂತ ಫೋನ್ ಮುಂದೆ ಹಿಡಿದಳು. ಇಂಡಿಯಾದ ಯಾವುದೋ ಕ್ಲಿನಿಕ್ಕಿನ ಜಾಹೀರಾತು. ಸೊಂಟದ ಮೂಳೆಯ ಮಜ್ಜೆಯಿಂದ ಸ್ಟೆಮ್ ಸೆಲ್ ತೆಗೆದು, ಕೈನರಕ್ಕೂ ಬೆನ್ನಿಗೂ ಇಂಜೆಕ್ಷನ್ ಕೊಡುತ್ತಾರಂತೆ. ಹತ್ತು ದಿನದ ಪ್ಯಾಕೇಜ್. ಅವರು ಹೇಳಿದ ಮೊತ್ತಕ್ಕೆ ಮನೆಯವರ ಕಾಫಿ ತೋಟದಲ್ಲಿ ಒಂದು ತುಂಡು ಮಾರಬೇಕು, ಮಿಕ್ಕಿದ್ದಕ್ಕೆ ಹರಂಬೀ.

ನನಗೆ ಆ ಜಾಹೀರಾತು ಹೊಸದಲ್ಲ. ಎರಡು ವರ್ಷದ ಹಿಂದೆ ನನ್ನ ತಮ್ಮ ಮೈಸೂರಿನಿಂದ ಅಂಥದ್ದೇ ಒಂದನ್ನು ಕಳಿಸಿದ್ದ. ನಿಮ್ಮ ಫೋನಿಗೂ ಬಂದಿರಬಹುದು. ಆವತ್ತು ನಾನು ಹಣ ಕಳಿಸಲು ಸಿದ್ಧಳಾಗಿಯೇ ಇದ್ದೆ, ಸುಳ್ಳು ಹೇಳುವುದಿಲ್ಲ. ದೂರದಲ್ಲಿರುವ ಮಕ್ಕಳಿಗೆ ಕೈಯಲ್ಲಿರುವುದು ಹಣ ಒಂದೇ ತಾನೆ? ಅಪ್ಪನ ಡಾಕ್ಟರನ್ನು ಒಂದು ಮಾತು ಕೇಳೋಣ ಅಂತ ಫೋನ್ ಮಾಡಿದೆ. ಅವರು ಬೇಡ ಅನ್ನಲಿಲ್ಲ. "ಎಲ್ಲಿಗೆ ಚುಚ್ಚುತ್ತಾರಂತೆ? ಅಲ್ಲಿಂದ ಅದು ಮಿದುಳಿಗೆ ಹೇಗೆ ಹೋಗುತ್ತದೆ ಅಂತ ಕೇಳಿ ನೋಡಿ" ಅಂದರು ಅಷ್ಟೆ.

ಆ ಪ್ರಶ್ನೆಯ ಹಿಂದೆ ಹೋದಾಗಲೇ ನನಗೆ ಈ ಕಾಯಿಲೆ ಸ್ವಲ್ಪ ಅರ್ಥವಾಗಿದ್ದು. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಹಾಗಾದರೆ ಡೋಪಮೈನನ್ನೇ ಕೊಟ್ಟರಾಯಿತಲ್ಲ? ಆಗುವುದಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಬಿಗಿಯಾದ ತಡೆ ಇದೆ, ಡೋಪಮೈನ್ ಅದನ್ನು ದಾಟುವುದಿಲ್ಲ. ಅದರ ಹಿಂದಿನ ರೂಪವಾದ ಲೆವೊಡೋಪಾ ದಾಟುತ್ತದೆ, ನಾವು ತಿಂದ ಪ್ರೋಟೀನಿನ ಅಮೈನೋ ಆಮ್ಲಗಳು ಒಳಹೋಗುವ ಬಾಗಿಲಿನಿಂದಲೇ. ದಾರಿಯಲ್ಲೇ ಅದು ಡೋಪಮೈನ್ ಆಗಿ ವ್ಯರ್ಥವಾಗದಿರಲಿ ಅಂತ ಜೊತೆಗೆ ಕಾರ್ಬಿಡೋಪಾ ಸೇರಿಸುತ್ತಾರೆ. ನಮ್ಮ ಅಪ್ಪ ನುಂಗುವ ಸಿಂಡೋಪಾ ಮಾತ್ರೆ ಅಂದರೆ ಇವೆರಡೇ. ಇಷ್ಟು ವರ್ಷ ಅದನ್ನು ಬರೀ ಒಂದು ಮಾತ್ರೆ ಅಂದುಕೊಂಡಿದ್ದೆ.

ಇನ್ನು ಸ್ಟೆಮ್ ಸೆಲ್. ಕೈನರಕ್ಕೆ ಕೊಟ್ಟ ಮಜ್ಜೆಯ ಕೋಶಗಳಲ್ಲಿ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಇದನ್ನು ಗಂಭೀರವಾಗಿ ಮಾಡಿ ನೋಡಿದವರು ಶಸ್ತ್ರಚಿಕಿತ್ಸೆಯಿಂದ ಮಿದುಳಿಗೇ ಇಟ್ಟಿದ್ದಾರೆ. ಅದೂ ನಮ್ಮ ಬೆಂಗಳೂರಿನಲ್ಲೇ! ಡಾ. ಎನ್.ಕೆ. ವೆಂಕಟರಮಣ ಮತ್ತು ಸಂಗಡಿಗರು 22ರಿಂದ 62 ವರ್ಷದ 7 ರೋಗಿಗಳಿಗೆ ಅವರವರದೇ ಮಜ್ಜೆಯ ಕೋಶಗಳನ್ನು ಹೀಗೆ ಕೊಟ್ಟು, 10ರಿಂದ 36 ತಿಂಗಳು ನೋಡಿ, 2010ರಲ್ಲಿ ವರದಿ ಪ್ರಕಟಿಸಿದರು. 7ರಲ್ಲಿ 3 ಜನರಿಗೆ ಸುಧಾರಣೆ ಕಂಡಿತು. ಆದರೆ ರೋಗಿಗಳ ಸಂಖ್ಯೆ ಸಣ್ಣದು, ಹೋಲಿಸಲು ಇನ್ನೊಂದು ಗುಂಪಿಲ್ಲ, ಹಾಗಾಗಿ ಚಿಕಿತ್ಸೆ ಫಲಕಾರಿ ಎಂದು ಹೇಳಲಾಗದು ಅಂತ ಅವರೇ ಬರೆದರು. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟವಾಯಿತು. ಏಕೆಂದರೆ ಈ ಕಾಯಿಲೆಯಲ್ಲಿ ಗುಣವಾಗುತ್ತದೆ ಎಂಬ ನಿರೀಕ್ಷೆಗೇ ಮಿದುಳು ಡೋಪಮೈನ್ ಬಿಡುಗಡೆ ಮಾಡುತ್ತದೆ. ಕೆನಡಾದ ಸಂಶೋಧಕರು 2001ರಲ್ಲಿ ಇದನ್ನು ತೋರಿಸಿದ್ದಾರೆ. ಒಂದು ಎಕರೆ ಮಾರಿ ಹೋದವರಿಗೆ ಒಂದಷ್ಟು ದಿನ ಚೆನ್ನಾಗಿ ಅನ್ನಿಸದೆ ಇರುತ್ತದೆಯೇ?

ಭರವಸೆಯೇ ಇಲ್ಲ ಎನ್ನುತ್ತಿಲ್ಲ. 2025ರ ಏಪ್ರಿಲ್‌ನಲ್ಲಿ ಜಪಾನಿನ ಕ್ಯೋಟೋದಿಂದ ಒಂದು ವರದಿ ಬಂತು, ಅಲ್ಲೂ 7 ರೋಗಿಗಳೇ. ಅವರು ಬಳಸಿದ್ದು ಮಜ್ಜೆಯ ಕೋಶವಲ್ಲ. ದಾನಿಯ ಕೋಶವನ್ನು ಪ್ರಯೋಗಾಲಯದಲ್ಲಿ ಡೋಪಮೈನ್ ನರಕೋಶವಾಗುವಂತೆ ಬೆಳೆಸಿ, ಮಿದುಳಿನೊಳಗೆ ಇಟ್ಟರು. ಪರಿಣಾಮ ಅಳೆದ 6 ಜನರಲ್ಲಿ 4 ಜನರ ಚಲನೆ, ಮಾತ್ರೆಯ ಪ್ರಭಾವ ಇಲ್ಲದ ಹೊತ್ತಿನಲ್ಲೂ, ಸುಧಾರಿಸಿತ್ತು. ಅಮೆರಿಕ, ಕೆನಡಾದಲ್ಲಿ 12 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗವೂ ಆಗಲೇ ಪ್ರಕಟವಾಯಿತು. ನನ್ನ ಮಗಳು ದೊಡ್ಡವಳಾಗುವ ಹೊತ್ತಿಗೆ ಇದು ಮಾಮೂಲಿ ಚಿಕಿತ್ಸೆ ಆಗಿದ್ದರೂ ಆಗಿರಬಹುದು.

ಇದನ್ನೆಲ್ಲ ಗೆಳತಿಗೆ ಹೇಳಿದೆ. ಇನ್ನೊಂದು ಮಾತೂ ಹೇಳಿದೆ, ನೀವೂ ನೆನಪಿಟ್ಟುಕೊಳ್ಳಿ: ಭಾರತದಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತದ ಕಾಯಿಲೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಸಬೇಕಾದ್ದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗ ಅಂದಮೇಲೆ ರೋಗಿಯಿಂದ ಹಣ ಕೇಳುವಂತಿಲ್ಲ. ಇಬ್ಬರೂ ಸೇರಿ ಆ ಕ್ಲಿನಿಕ್ಕಿಗೆ ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ ಬರೆದೆವು. ಉತ್ತರವಾಗಿ ಪ್ಯಾಕೇಜಿನ ಮೇಲೆ ರಿಯಾಯಿತಿ ಬಂತು.

ಅವಳಿಗೆ ಸಿಟ್ಟು ಬಂದಿದ್ದು ಕ್ಲಿನಿಕ್ಕಿನ ಮೇಲಲ್ಲ, ನನ್ನ ಮೇಲೆ. "ನಿನ್ನ ಅಪ್ಪನಿಗೆ ಪಕ್ಕದಲ್ಲೇ ಡಾಕ್ಟರು. ನಮ್ಮ ಮ್ಜೇಗೆ ಏನಿದೆ?" ಅಂದಳು. ಹೌದಲ್ಲ, ಏನು ಹೇಳಲಿ? ಕೆಲವು ದಿನ ಚಹಾಕ್ಕೂ ಕರೆಯಲಿಲ್ಲ.

ಆಮೇಲೊಮ್ಮೆ ಮಾತಿಗೆ ಮಾತು ಬಂದು, ಮ್ಜೇ ಮಾತ್ರೆ ಯಾವಾಗ ತೆಗೆದುಕೊಳ್ಳುತ್ತಾರೆ ಅಂತ ಕೇಳಿದೆ. ಮಧ್ಯಾಹ್ನ ಗಿಥೇರಿ ಜೊತೆ. ಅಂದರೆ ಬೀನ್ಸು, ಜೋಳ ತುಂಬಿದ ತಟ್ಟೆಯ ಜೊತೆ. ಆ ಬೀನ್ಸಿನ ಪ್ರೋಟೀನೂ ಮಾತ್ರೆಯೂ ಒಂದೇ ಬಾಗಿಲಿಗೆ ನುಗ್ಗಾಡುತ್ತವೆ! ನಮ್ಮಪ್ಪನೂ ಹಿಂದೆ ಹುರುಳಿಕಾಳಿನ ಸಾರು ಉಂಡ ದಿನ ಮಧ್ಯಾಹ್ನ ಕುರ್ಚಿಯಿಂದ ಏಳಲಾರದೆ ಕೂರುತ್ತಿದ್ದರು, ನಾವು ವಯಸ್ಸು ಅಂದುಕೊಂಡಿದ್ದೆವು. ಹಾಗಂತ ಕಾಳು ಬಿಡಿಸಬೇಡಿ, ಹೊತ್ತನ್ನೂ ನೀವೇ ಬದಲಾಯಿಸಬೇಡಿ, ಡಾಕ್ಟರನ್ನು ಕೇಳಿ. ಅವರು ಮ್ಜೇಯನ್ನು ನೈರೋಬಿಗೆ ಕರೆತಂದು ನರರೋಗ ತಜ್ಞರಿಗೆ ತೋರಿಸಿದರು. ಮಾತ್ರೆಯನ್ನು ಊಟಕ್ಕೆ ಮುಂಚೆ, ಸಣ್ಣ ಸಣ್ಣ ಪಾಲಾಗಿ ಮಾಡಿಕೊಟ್ಟರು.

ಪವಾಡವೇನೂ ಆಗಲಿಲ್ಲ. ಬೆಳಿಗ್ಗೆ ಅಂಗಿಯ ಗುಂಡಿ ಈಗ ತಾವೇ ಹಾಕಿಕೊಳ್ಳುತ್ತಾರಂತೆ. ನಡುಕ ಇದ್ದೇ ಇದೆ. ಹರಂಬೀ ಗುಂಪಿನಲ್ಲಿ ಅಷ್ಟರಲ್ಲೇ ಕೂಡಿದ್ದ ಹಣ ತಿಂಗಳ ಮಾತ್ರೆಗೆ, ಫಿಸಿಯೋಥೆರಪಿಗೆ ಹೋಗುತ್ತಿದೆ. ಇಂಡಿಯಾಕ್ಕೆ ಅಂತ ಕೊಟ್ಟಿದ್ದು ಇದಕ್ಕೇಕೆ ಅಂತ ಇಬ್ಬರು ಆಕ್ಷೇಪಿಸಿದ್ದಾರೆ. ಗೆಳತಿಯ ಅಣ್ಣ ಇನ್ನೂ ಆ ಜಾಹೀರಾತನ್ನು ಉಳಿಸಿಕೊಂಡಿದ್ದಾನೆ.

ಕಳೆದ ಭಾನುವಾರ ಮಗಳು ಅಜ್ಜನಿಗೆ ವಿಡಿಯೋ ಕಾಲ್ ಮಾಡಿದಳು. ಇಲ್ಲಿ ಮೂರು ಗಂಟೆ, ಮೈಸೂರಿನಲ್ಲಿ ಐದೂವರೆ. ಅಮ್ಮ ಎತ್ತಿಕೊಂಡರು. "ಈಗ ತಾನೇ ಮಾತ್ರೆ ನುಂಗಿದ್ದಾರೆ ಪುಟ್ಟಿ, ದನಿಯೇ ಏಳ್ತಿಲ್ಲ. ಅರ್ಧ ಗಂಟೆ ಬಿಟ್ಟು ಮಾಡು, ನಿನ್ನ ಲೆಕ್ಕದ ಪುಸ್ತಕ ತಂದಿಟ್ಕೊ."