ಕತ್ತರಿಗೆ ಸಿಕ್ಕ ಕಣ್ಣೀರು

‘ಶೋಲೆ’ ಚಿತ್ರದ ಕೊನೆ ನಿಮಗೆ ನೆನಪಿರಬಹುದು. ಎರಡೂ ಕೈಗಳನ್ನು ಕಳೆದುಕೊಂಡ ಠಾಕೂರ್, ಮೊಳೆ ಹೊಡೆದ ಪಾದರಕ್ಷೆಗಳಿಂದ ಗಬ್ಬರ್ ಸಿಂಗ್‌ನನ್ನು ತುಳಿಯುತ್ತಾನೆ. ಇನ್ನೇನು ಅವನ ಪ್ರಾಣ ಹೋಗಬೇಕು ಎನ್ನುವಷ್ಟರಲ್ಲಿ ಪೊಲೀಸರು ಬಂದು ತಡೆಯುತ್ತಾರೆ. ಶಿಕ್ಷೆ ಕೊಡುವುದು ಕಾನೂನಿನ ಕೆಲಸ ಎಂದು ನೆನಪಿಸುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಟಿ.ವಿ.ಯಲ್ಲಿ ನೋಡಿರುವುದು ಇದೇ ಕೊನೆಯನ್ನು. ಆದರೆ ನಿರ್ದೇಶಕ ರಮೇಶ್ ಸಿಪ್ಪಿಯವರು ಮೊದಲು ಚಿತ್ರೀಕರಿಸಿದ್ದು ಇದನ್ನಲ್ಲ.

ನಮ್ಮ ರಾಮನಗರದ ಬಂಡೆಗಳ ನಡುವೆ 1973ರಲ್ಲಿ ಆರಂಭವಾದ ಆ ಚಿತ್ರ ತೆರೆಗೆ ಬಂದದ್ದು 1975ರ ಆಗಸ್ಟ್ 15ರಂದು. ಅದಕ್ಕೆ ಎರಡು ತಿಂಗಳೂ ಮೊದಲಲ್ಲ, ಜೂನ್ 25ರಂದು ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು. ಸಲೀಂ-ಜಾವೇದ್ ಬರೆದ ಮೂಲ ಕಥೆಯಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಂದೇ ಬಿಡುತ್ತಾನೆ. ಇದಕ್ಕೆ ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಹಿಂಸೆ ಹೆಚ್ಚಾಯಿತು, ಒಂದು ಕಾಲದ ಪೊಲೀಸ್ ಅಧಿಕಾರಿಯೇ ಕಾನೂನನ್ನು ಕೈಗೆತ್ತಿಕೊಂಡರೆ ನೋಡುವವರೂ ಅದನ್ನೇ ಕಲಿಯುತ್ತಾರೆ ಎಂಬುದು ಅದರ ಆತಂಕ. ಸಿಪ್ಪಿಯವರು ವಾದಿಸಿದರು, ಫಲವಾಗಲಿಲ್ಲ. ಕೊನೆಯನ್ನು ಮತ್ತೆ ಚಿತ್ರೀಕರಿಸಬೇಕಾಯಿತು.

ಕತ್ತರಿ ಬಿದ್ದದ್ದು ಅಲ್ಲಿಗೆ ಮಾತ್ರವಲ್ಲ. ಇಮಾಮ್ ಸಾಹೇಬರ ಮಗ ಅಹ್ಮದ್‌ನನ್ನು ನೀವು ಮರೆತಿರಲಾರಿರಿ. ಕೆಲಸಕ್ಕೆಂದು ಊರು ಬಿಟ್ಟು ಹೊರಟ ಆ ಹುಡುಗ ಗಬ್ಬರ್‌ನ ಕೈಗೆ ಸಿಕ್ಕಿಬೀಳುತ್ತಾನೆ. ಅವನನ್ನು ಕೊಲ್ಲುವ ದೃಶ್ಯವನ್ನು ತೆಗೆದುಹಾಕಲಾಯಿತು. ಉಳಿದದ್ದು ಇಷ್ಟೇ: ಗಬ್ಬರ್ ಕೈಮೇಲೆ ಹರಿದಾಡುವ ಇರುವೆಯನ್ನು ಹೊಸಕುತ್ತಾನೆ, ಬಳಿಕ ಕುದುರೆಯೊಂದು ಹುಡುಗನ ಶವ ಹೊತ್ತು ಊರಿಗೆ ಬರುತ್ತದೆ. ಇಲ್ಲಿ ಕತ್ತರಿ ಒಳ್ಳೆಯದನ್ನೇ ಮಾಡಿತೆಂದು ನನಗನಿಸುತ್ತದೆ. ಕೊಲೆಯನ್ನು ಕಾಣದ ನಮಗೆ ತಂದೆಯ ಮುಖ ಕಾಣುತ್ತದೆ. ಕಣ್ಣಿಲ್ಲದ ಆ ವೃದ್ಧರು ಇಷ್ಟೊಂದು ಮೌನ ಯಾಕೆಂದು ಊರವರನ್ನು ಕೇಳುವಾಗ, ಎ.ಕೆ. ಹಾನಗಲ್‌ರ ಆ ದನಿಗೆ ಯಾವ ತಾಯಿಯ ಕರುಳು ಕರಗುವುದಿಲ್ಲ? ಅಝಾನ್ ಕೇಳಿಸಿದಾಗ ಅವರು ಸೇಡಿನ ಮಾತಾಡುವುದಿಲ್ಲ, ಮಸೀದಿಯತ್ತ ನಡೆಯುತ್ತಾರೆ.

ನಾನು ಈ ದೃಶ್ಯಗಳ ಬಗ್ಗೆ ಇಷ್ಟು ಯೋಚಿಸುವುದಕ್ಕೆ ಕಾರಣವಿದೆ. ನನ್ನ ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಲಾರಿಯಡಿಗೆ ಬಿದ್ದು ತೀರಿಹೋದ. ಚಾಲಕ ಕುಡಿದಿದ್ದನೆಂದು ಜನ ಹೇಳುತ್ತಿದ್ದರು. ಕೇರಿಯ ಹುಡುಗರು ಅವನನ್ನು ಹಿಡಿದು ಕಟ್ಟಿಹಾಕಿ, ಬಾಪನ ಒಂದು ಮಾತಿಗಾಗಿ ಕಾದಿದ್ದರು. ಬಾಪ ಹೇಳಿದ್ದು ಇಷ್ಟೇ: “ಮುಟ್ಟಬೇಡಿ. ಪೊಲೀಸರಿಗೆ ಒಪ್ಪಿಸಿ.” ಆ ಬಳಿಕ ಮಗನ ಜನಾಝಕ್ಕೆ ಹೆಗಲು ಕೊಡಲು ಹೋದರು. ಕೇಸು ಆರು ವರ್ಷ ನಡೆಯಿತು. ಸಾಕ್ಷ್ಯ ಸಾಲದೆಂದು ಚಾಲಕ ಬಿಡುಗಡೆಯಾದ. ಆ ದಿನ ನಮ್ಮ ಮನೆಯಲ್ಲಿ ಒಲೆ ಉರಿಯಲಿಲ್ಲ. ಅಂದು ಹುಡುಗರನ್ನು ತಡೆಯದಿದ್ದರೇ ಒಳ್ಳೆಯದಿತ್ತೇನೋ ಎಂದು ಚಿಕ್ಕಪ್ಪ ಗೊಣಗಿದರು. ಉಮ್ಮ ತಲೆಯೆತ್ತಿ, “ಅವನನ್ನು ಕೊಂದಿದ್ದರೆ ಇನ್ನೊಬ್ಬ ಉಮ್ಮ ನನ್ನ ಹಾಗೆ ಕೂರುತ್ತಿದ್ದಳು. ನನ್ನ ಮಗನಂತೂ ಬರುತ್ತಿರಲಿಲ್ಲ” ಎಂದರು. ಮತ್ತೆ ಯಾರೂ ಆ ಮಾತೆತ್ತಲಿಲ್ಲ.

ಆದುದರಿಂದ ಪೊಲೀಸರು ಬಂದು ತಡೆಯುವ ಕೊನೆ ನನಗೆ ಸುಳ್ಳೆನಿಸುವುದಿಲ್ಲ. ಆದರೆ ಅದು ಬಹಳ ಸುಲಭದ ಕೊನೆ. ಕಾನೂನು ಸರಿಯಾದ ಗಳಿಗೆಗೆ ಬರುತ್ತದೆ, ಎಲ್ಲವೂ ಮುಗಿಯುತ್ತದೆ. ನಮ್ಮ ಮನೆಯ ಬಾಗಿಲಿಗೆ ಅದು ಹಾಗೆ ಬರಲಿಲ್ಲ. ಹಾಗಿದ್ದೂ ಬಾಪನ ತೀರ್ಮಾನ ತಪ್ಪಾಗಲಿಲ್ಲ.

ಕತ್ತರಿಸಿದ ಕೊನೆ ಪೂರ್ತಿಯಾಗಿ ನಾಶವಾಗಿರಲಿಲ್ಲ. 1990ರಲ್ಲಿ ಬ್ರಿಟನ್‌ನಲ್ಲಿ ಬಂದ ವೀಡಿಯೋ ಕ್ಯಾಸೆಟ್‌ನಲ್ಲಿ ಅದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಚಿತ್ರವನ್ನು ಹೊಸದಾಗಿ ಸರಿಪಡಿಸಿದ ಬಳಿಕ, 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾ ನಗರದಲ್ಲಿ ಮೂಲ ಕೊನೆಯೊಂದಿಗೆ ಪ್ರದರ್ಶಿಸಲಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೂ ಬಂತು. ಅದನ್ನು ನೋಡಿದಾಗಲೇ ಒಂದು ವಿಷಯ ನನ್ನ ಗಮನಕ್ಕೆ ಬಂದದ್ದು. ಗಬ್ಬರ್ ಸತ್ತ ಬಳಿಕ ಠಾಕೂರ್ ಗೆದ್ದವನಂತೆ ನಿಲ್ಲುವುದಿಲ್ಲ. ಅವನು ಅಳುತ್ತಾನೆ. ಯಾವುದಕ್ಕಾಗಿ ಅಷ್ಟು ವರ್ಷ ಬದುಕಿದನೋ ಅದು ಕೈಗೂಡಿದೆ. ಆದರೆ ಸತ್ತ ಮಕ್ಕಳು ಎದ್ದು ಬಂದಿಲ್ಲ, ಹೋದ ಕೈಗಳು ಚಿಗುರಿಲ್ಲ.

ನೋಡಿ, ಸೇಡನ್ನು ಜನ ಕಲಿತಾರೆಂದು ಹೆದರಿ ಕತ್ತರಿಸಿದರು. ಅದರೊಂದಿಗೆ ಸೇಡಿನಿಂದ ಏನೂ ಸಿಗುವುದಿಲ್ಲ ಎಂಬ ಪಾಠವೂ ಕತ್ತರಿಸಿ ಹೋಯಿತು. ಉಮ್ಮ ಅಂದು ಹೇಳಿದ್ದೂ ಇದನ್ನೇ ಅಲ್ಲವೇ?

ಸಹೋದರಿಯರೇ, ಇಂದು ಮಕ್ಕಳ ಕೈಯಲ್ಲಿರುವ ಮೊಬೈಲ್‌ಗೆ ಯಾವ ಸೆನ್ಸಾರೂ ಇಲ್ಲ. ಹೊಡೆದು ಬಡಿದು ಗೆದ್ದವನಿಗೆ ಚಪ್ಪಾಳೆ ತಟ್ಟುವ ದೃಶ್ಯಗಳು ಅವರಿಗೆ ದಿನವೂ ಸಿಗುತ್ತವೆ. ಚಿಕ್ಕ ಮಕ್ಕಳಿಗೆ ರಕ್ತದ ದೃಶ್ಯ ಬೇಡ, ಅದು ನಿಜ. ಆದರೆ ಬೆಳೆದ ಮಕ್ಕಳ ಜೊತೆ ಒಮ್ಮೆ ಕುಳಿತು ನೋಡಿ. ಗಬ್ಬರ್ ಸತ್ತೊಡನೆ ಅವರು ಎದ್ದು ಹೋಗದಿರಲಿ. ಠಾಕೂರ್ ಯಾಕೆ ಅತ್ತ ಎಂದು ಕೇಳಿ. ಅವರ ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ.