ದಡದ ಮೇಲೆ ಉಳಿದ ಪ್ರಾರ್ಥನೆ

ಅಲಿಬಾಗ್ ದಾಟಿದ ಟೆಂಪೊ ತೆಂಗಿನ ತೋಟದ ಪಕ್ಕ ನಿಲ್ಲುತ್ತದೆ. ನವಗಾಂವ್. ಕೆಳಗಿಳಿದರೆ ಮೊದಲು ಮುಖಕ್ಕೆ ಬಡಿಯುವುದು ಉಪ್ಪುಗಾಳಿ, ಆಮೇಲೆ ಒಣಮೀನಿನ ವಾಸನೆ. ಹನ್ನೆರಡು ಹುಡುಗ ಹುಡುಗಿಯರು ಕಣ್ಣುಜ್ಜಿಕೊಳ್ಳುತ್ತ ಇಳಿಯುತ್ತಾರೆ. ಠಾಣೆಯಿಂದ ಕತ್ತಲಲ್ಲೇ ಹೊರಟವರು. ಮನೆಮಾತು ಮರಾಠಿ, ಧರ್ಮ ಯೆಹೂದಿ. ಬೆನೆ ಇಸ್ರೇಲ್ ಸಮುದಾಯದ ಮಕ್ಕಳು. 1948ರ ನಂತರ ಇವರ ಬಂಧುಬಳಗದ ಬಹುಪಾಲು ಇಸ್ರೇಲಿಗೆ ಹೋಯಿತು. ಉಳಿದವರು ಕೆಲವೇ ಸಾವಿರ.

ಮುಂದೆ ನಡೆಯುವ ಕಾಕಾಗೆ ಎಪ್ಪತ್ತು ದಾಟಿದೆ. ಹಳೆಯ ಸ್ಮಶಾನದ ದಿಬ್ಬದೆದುರು ನಿಲ್ಲುತ್ತಾರೆ. ಎರಡು ಸಾವಿರ ವರ್ಷದ ಹಿಂದೆ ಈ ಕಡಲಲ್ಲಿ ಹಡಗು ಒಡೆಯಿತು, ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು, ಅಲೆ ತಂದು ಹಾಕಿದ ಹೆಣಗಳನ್ನು ಇಲ್ಲೇ ಮಣ್ಣು ಮಾಡಿದರು ಎಂಬುದು ಸಮುದಾಯ ಹೇಳಿಕೊಂಡು ಬಂದ ಕಥೆ. ಕಾಕಾ ಅದನ್ನು ನಿನ್ನೆ ಮೊನ್ನೆಯ ಸಾವೇನೋ ಎಂಬಂತೆ ಮೆಲ್ಲಗೆ ಹೇಳುತ್ತಾರೆ.

"ಪುಸ್ತಕವೆಲ್ಲ ನೀರುಪಾಲು. ಹೊಟ್ಟೆಪಾಡಿಗೆ ಎಣ್ಣೆಗಾಣ ಹಿಡಿದರು. ಶನಿವಾರ ಮಾತ್ರ ಧರ್ಮದ ವಿರಾಮ, ಗಾಣ ತಿರುಗಲಿಲ್ಲ. ಊರವರು ಅದಕ್ಕೇ ಶನಿವಾರ್ ತೇಲಿ, ಶನಿವಾರದ ಗಾಣಿಗರು ಅಂದರು."

ಹಿಂದೆ ನಿಂತ ಹುಡುಗಿಯೊಬ್ಬಳು ಚಪ್ಪಲಿಯ ತುದಿಯಿಂದ ಮರಳು ಕೆದಕುತ್ತಿದ್ದಾಳೆ. "ಕಾಕಾ, ನನಗೆ ಹೀಬ್ರೂ ಓದೋಕೆ ಬರಲ್ಲ. ಅಜ್ಜಿ ಕಲಿಸಿದ ಶೆಮಾ ಒಂದೇ ಗೊತ್ತು. ಅಷ್ಟಕ್ಕೇ ನಾನು ಯೆಹೂದಿ ಆಗ್ತೀನಾ?"

ಕಾಕಾ ದಿಬ್ಬದ ಕಡೆ ಕೈ ತೋರಿಸುತ್ತಾರೆ. "ಇವರಿಗೂ ನೆನಪಿದ್ದದ್ದು ಅದೊಂದೇ ಪ್ರಾರ್ಥನೆ, ಮಗಳೇ. ಮದುವೆಗೂ ಅದೇ, ಸಾವಿಗೂ ಅದೇ."

ಕೆದಕುತ್ತಿದ್ದ ಕಾಲು ನಿಲ್ಲುತ್ತದೆ. ಧರ್ಮದ ಬಗ್ಗೆ ಗಂಟೆಗಟ್ಟಲೆ ಉಪನ್ಯಾಸ ಕೊಡುವ ಹಿರಿಯರು ಈ ಹೊತ್ತು ಇಲ್ಲಿರಬೇಕಿತ್ತು ಅನ್ನಿಸುತ್ತದೆ ನನಗೆ.

ಮಧ್ಯಾಹ್ನ ಹತ್ತಿರದ ಖಂಡಾಲೆ ಹಳ್ಳಿ. ಬಂಡೆಯ ಮೇಲಿನ ಗುರುತುಗಳು ಪ್ರವಾದಿ ಎಲಿಯಾಹುವಿನ ರಥದವು ಎಂದು ಇವರ ನಂಬಿಕೆ. ಇವತ್ತು ತು ಬಿಶ್ವತ್, ಮರಗಳ ಹೊಸವರ್ಷ. ಪ್ರವಾದಿಯ ಹೆಸರಲ್ಲಿ ಮಲಿದಾ ಎಂಬ ನೈವೇದ್ಯ ಆಗಬೇಕು. ಚಾಪೆ ಹಾಸಿ ಎಲ್ಲರೂ ಕೈ ಹಚ್ಚುತ್ತಾರೆ. ನೆನೆದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ಒಣದ್ರಾಕ್ಷಿ. ತಟ್ಟೆಯ ಸುತ್ತ ಹಣ್ಣು. ಕೃಷ್ಣಾಷ್ಟಮಿಯ ಅವಲಕ್ಕಿ ತಿಂದು ಬೆಳೆದ ನನಗೆ ಆ ಘಮ ಹೊಸದಲ್ಲ. ಖರ್ಜೂರಕ್ಕೆ ಹೇಳುವ ಮಂತ್ರವನ್ನೇ ಬಾಳೆಹಣ್ಣಿಗೂ ಹೇಳಹೊರಟ ಹುಡುಗನನ್ನು ಕಾಕಾ ತಡೆಯುತ್ತಾರೆ. ಬಾಳೆ ಮರವಲ್ಲ, ಅದಕ್ಕೆ ನೆಲದ ಬೆಳೆಯ ಮಂತ್ರ. ಹುಡುಗ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ, ಇದೇ ಮೊದಲು ಕಂಡವನಂತೆ.

"ಶೆಮಾ ಯಾರು ಶುರು ಮಾಡ್ತೀರಿ?" ಕಾಕಾ ಯಾರ ಮುಖವನ್ನೂ ನೋಡದೆ ಕೇಳುತ್ತಾರೆ.

ಅದೇ ಹುಡುಗಿ ಏಳುತ್ತಾಳೆ. ಬಲಗೈಯಿಂದ ಕಣ್ಣು ಮುಚ್ಚಿಕೊಳ್ಳಬೇಕು, ಬೆರಳ ತುಂಬ ತೆಂಗಿನತುರಿ. ಜೀನ್ಸಿಗೆ ಒರೆಸಿಕೊಳ್ಳುತ್ತಾಳೆ. ಮೊದಲ ಪದಕ್ಕೆ ದನಿ ನಡುಗುತ್ತದೆ. ಎರಡನೆಯದಕ್ಕೆ ಉಳಿದ ಹನ್ನೊಂದು ದನಿಗಳೂ ಸೇರಿಕೊಳ್ಳುತ್ತವೆ.